ಟ್ರಾಲಿ ಮರಳಿಸುವ ಹೊಣೆ ಯಾರದು?

ಜರ್ಮನಿಯ ಸೂಪರ್‌ಮಾರ್ಕೆಟ್‌ಗಳ ಬಾಗಿಲಲ್ಲಿ ಟ್ರಾಲಿಗಳು ಒಂದರೊಳಗೊಂದು ತೂರಿಕೊಂಡು ಸಾಲಾಗಿ ನಿಂತಿರುತ್ತವೆ. ಪ್ರತಿ ಟ್ರಾಲಿಯ ಹಿಡಿಕೆಯಲ್ಲಿ ಒಂದು ಪುಟ್ಟ ಬೀಗ, ಬೀಗದಿಂದ ಇಳಿಬಿದ್ದ ಗೇಣುದ್ದದ ಸರಪಳಿ, ಸರಪಳಿಯ ತುದಿಗೊಂದು ಕೀಲಿ. ಒಂದರ ಕೀಲಿ ಇನ್ನೊಂದರ ಬೀಗದಲ್ಲಿ ಸಿಕ್ಕಿಕೊಂಡಿರುವುದರಿಂದ ಇಡೀ ಸಾಲು ಬಿಡಿಸಲಾಗದಂತೆ ಜೋಡಿಕೊಂಡಿರುತ್ತದೆ. 1 ಯೂರೋ ನಾಣ್ಯವನ್ನು ಬೀಗದ ಸೀಳಿಗೆ ಒತ್ತಿದರೆ ಕೀಲಿ ಕಳಚಿಕೊಳ್ಳುತ್ತದೆ, ಕೊನೆಯ ಟ್ರಾಲಿ ಕೈಗೆ ಬರುತ್ತದೆ. ನಾಣ್ಯ ಮಾತ್ರ ಬೀಗದಲ್ಲೇ ಉಳಿಯುತ್ತದೆ. ಸಾಮಾನನ್ನು ಕಾರಿಗೆ ತುಂಬಿದ ಮೇಲೆ ಟ್ರಾಲಿಯನ್ನು ಮತ್ತೆ ಸಾಲಿಗೆ ತಂದು, ಮುಂದಿನ ಟ್ರಾಲಿಯ ಕೀಲಿಯನ್ನು ನಮ್ಮ ಬೀಗಕ್ಕೆ ತೂರಿಸಿದಾಗ ನಾಣ್ಯ ಹೊರಗೆ ಬರುತ್ತದೆ. ಬ್ರಿಟನ್ನಿನಲ್ಲಿ ಈ ಕೆಲಸಕ್ಕೆ 1 ಪೌಂಡ್, ಅಮೆರಿಕದ ಆಲ್ಡಿ ಅಂಗಡಿಗಳಲ್ಲಿ 25 ಸೆಂಟ್. ಓದಿಗೋ ಕೆಲಸಕ್ಕೋ ಜರ್ಮನಿಗೆ ಹೋದ ಕನ್ನಡಿಗರು ಬಲುಬೇಗ ರೂಢಿಸಿಕೊಳ್ಳುವ ಅಭ್ಯಾಸಗಳಲ್ಲಿ ಜೇಬಿನಲ್ಲಿ ಒಂದು ನಾಣ್ಯವನ್ನು ಬೇರೆಯಾಗಿ ಇಟ್ಟುಕೊಳ್ಳುವುದೂ ಒಂದು.

ಈ ಪುಟ್ಟ ಬೀಗದ ಹಿಂದೆ ಒಂದು ದೊಡ್ಡ ಪ್ರಶ್ನೆಯಿದೆ. ಟ್ರಾಲಿಯನ್ನು ಮರಳಿ ಇಡುವುದು ಯಾರ ಹೊಣೆ? ಬಳಸಿದವರದೇ, ಅದರ ಒಡೆಯರಾದ ಅಂಗಡಿಯವರದೇ, ಅದು ಬೀದಿಗೆ ಬಂದು ಬಿದ್ದಾಗ ನಗರಾಡಳಿತದ್ದೇ? ಈ ಬಗ್ಗೆ ಜನ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಮಾತಾಡುತ್ತಾರೆ. ನಾಣ್ಯ ಹಾಕಿಸಿಕೊಂಡಿದ್ದರೆ ಮರಳಿಸುತ್ತೇವೆ, ಇಲ್ಲದಿದ್ದರೆ ಅದು ಅಂಗಡಿಯ ಆಳುಗಳ ಕೆಲಸ ಎನ್ನುವವರು ಒಂದು ಕಡೆ. ಯಾರೂ ನೋಡದಿರುವಾಗ, ದಂಡವೂ ಬಹುಮಾನವೂ ಇಲ್ಲದಿರುವಾಗ ಟ್ರಾಲಿಯನ್ನು ಮರಳಿಸುತ್ತಾನೋ ಇಲ್ಲವೋ ಎಂಬುದರಲ್ಲೇ ಮನುಷ್ಯನ ಯೋಗ್ಯತೆ ಗೊತ್ತಾಗುತ್ತದೆ ಎನ್ನುವವರು ಇನ್ನೊಂದು ಕಡೆ. ಈ ಎರಡನೆಯ ವಾದ 2020ರ ಹೊತ್ತಿಗೆ ಜಗತ್ತಿನಾದ್ಯಂತ ಹಬ್ಬಿತು. ಮೊದಲನೆಯದು ಹೊಣೆಯನ್ನು ನಾಣ್ಯಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. ಎರಡನೆಯದು ಇಡೀ ಹೊಣೆಯನ್ನು ಒಬ್ಬ ವ್ಯಕ್ತಿಯ ಗುಣದ ಮೇಲೆ ಹೇರುತ್ತದೆ. ನನ್ನ ಮಾತು ಇಷ್ಟು: ಮರಳಿಸುವ ಹೊಣೆ ಬಳಸಿದವರದು, ಮರಳಿಸುವುದನ್ನು ಸಾಧ್ಯವಾಗಿಸುವ ಹೊಣೆ ಒಡೆಯರದು. ನಾಣ್ಯ ಈ ಎರಡು ಹೊಣೆಗಳನ್ನೂ ಜೋಡಿಸುವ ಒಂದು ಒಳ್ಳೆಯ ಸಾಧನ. ಆದರೆ ಅದು ಎರಡರಲ್ಲಿ ಯಾವುದರ ಜಾಗವನ್ನೂ ತುಂಬಲಾರದು.

ಟ್ರಾಲಿ ಹುಟ್ಟಿದ್ದೇ ಒಡೆಯರ ಲಾಭಕ್ಕಾಗಿ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಅಮೆರಿಕದ ಓಕ್ಲಹೋಮ ಸಿಟಿಯಲ್ಲಿ ಹಂಪ್ಟಿ ಡಂಪ್ಟಿ ಎಂಬ ಅಂಗಡಿಗಳನ್ನು ನಡೆಸುತ್ತಿದ್ದ ಸಿಲ್ವನ್ ಗೋಲ್ಡ್‌ಮನ್, ಕೈಬುಟ್ಟಿ ಭಾರವಾದ ಕೂಡಲೇ ಗ್ರಾಹಕರು ಕೊಳ್ಳುವುದನ್ನು ನಿಲ್ಲಿಸುತ್ತಾರೆ ಎಂಬುದನ್ನು ಗಮನಿಸಿದರು. ಮಡಚುವ ಕುರ್ಚಿಯ ಚೌಕಟ್ಟಿಗೆ ಗಾಲಿಗಳನ್ನೂ ಬುಟ್ಟಿಗಳನ್ನೂ ಜೋಡಿಸಿ 1937ರಲ್ಲಿ ಅಂಗಡಿಗೆ ತಂದರು. ಜನ ಅದನ್ನು ಮುಟ್ಟಲಿಲ್ಲ. ಅದನ್ನು ತಳ್ಳಿದರೆ ತೋಳಿನಲ್ಲಿ ಬಲವಿಲ್ಲದವರಂತೆ ಕಾಣುತ್ತೇವೆ ಎಂದು ಗಂಡಸರು ಹಿಂಜರಿದರು, ಮಕ್ಕಳ ಗಾಡಿ ತಳ್ಳಿ ಸಾಕಾಗಿದೆ ಎಂದು ಹೆಂಗಸರು ದೂರ ನಿಂತರು. ಕೊನೆಗೆ ಗೋಲ್ಡ್‌ಮನ್ ಕೂಲಿ ಕೊಟ್ಟು ಬೇರೆ ಬೇರೆ ವಯಸ್ಸಿನವರನ್ನು ಕರೆಸಿ, ಅಂಗಡಿಯೊಳಗೆ ಟ್ರಾಲಿ ತಳ್ಳಿಕೊಂಡು ಓಡಾಡಿಸಿದರು. ಆಮೇಲೆ ಜನ ಒಗ್ಗಿಕೊಂಡರು. 1940ರ ದಶಕದ ನಡುವಿನಲ್ಲಿ ಕ್ಯಾನ್ಸಸ್ ಸಿಟಿಯ ಓರ್ಲಾ ವಾಟ್ಸನ್ ಹಿಂಬದಿಯ ಕದ ಮೇಲಕ್ಕೆತ್ತಿಕೊಂಡು ಒಂದರೊಳಗೊಂದು ತೂರುವ ಟ್ರಾಲಿಯನ್ನು ರೂಪಿಸಿದರು. ಜಾಗ ಉಳಿಸಲು ಮಾಡಿದ ಈ ಬದಲಾವಣೆಯೇ ಮುಂದೆ ನಾಣ್ಯದ ಬೀಗಕ್ಕೂ ದಾರಿ ಮಾಡಿತು. ಒಂದಕ್ಕೊಂದು ಒತ್ತಿ ನಿಲ್ಲದ ಗಾಡಿಗಳನ್ನು ಗೇಣುದ್ದದ ಸರಪಳಿಯಲ್ಲಿ ಕಟ್ಟಲಾಗುವುದಿಲ್ಲ.

ಹೀಗೆ ಗ್ರಾಹಕರು ಕೇಳದೆ ಬಂದ ಗಾಡಿ ಇದು. ಇನ್ನೂ ಹೆಚ್ಚು ಕೊಳ್ಳಲಿ ಎಂದು ಕೈಗೆ ಕೊಟ್ಟವರು ಅಂಗಡಿಯವರು. ಹಾಗಿದ್ದ ಮೇಲೆ ಅದನ್ನು ಮರಳಿ ತಂದುಕೊಳ್ಳುವ ಖರ್ಚೂ ಅವರದೇ ಅಲ್ಲವೇ? ಈ ವಾದದಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. ಟ್ರಾಲಿಯಿಂದ ಅಂಗಡಿಗೆ ಲಾಭವಾದಷ್ಟೇ ನಿಜ ನಮ್ಮ ಬೆನ್ನಿಗೂ ತೋಳಿಗೂ ಸಿಕ್ಕ ಆರಾಮ. ಇಬ್ಬರಿಗೂ ಅನುಕೂಲವಾಗುವ ವಸ್ತುವನ್ನು ಒಬ್ಬರು ಕೊಟ್ಟು ಇನ್ನೊಬ್ಬರು ಸ್ವಲ್ಪ ಹೊತ್ತು ಪಡೆದಾಗ, ಪಡೆದವರು ಅದನ್ನು ಮರಳಿಸಬೇಕು ಎಂಬುದು ಎಲ್ಲ ಸಾಲದ ಮೂಲ ನಿಯಮ. ಪಕ್ಕದ ಮನೆಯಿಂದ ಹಬ್ಬಕ್ಕೆ ದೊಡ್ಡ ಪಾತ್ರೆ ತಂದವರು ಅದನ್ನು ಬೆಳಗಿ, ಬರಿದಾಗಿ ಕೊಡಬಾರದೆಂದು ಒಳಗೆ ಏನಾದರೂ ಇಟ್ಟು ಹಿಂತಿರುಗಿಸುತ್ತಾರೆ. ಅಲ್ಲಿ ಯಾರೂ ಮುಂಗಡ ಕೇಳುವುದಿಲ್ಲ, ಏಕೆಂದರೆ ನಾಳೆ ಮತ್ತೆ ಮುಖ ನೋಡಬೇಕು. ಸೂಪರ್‌ಮಾರ್ಕೆಟ್‌ನಲ್ಲಿ ಕೊಡುವವರ ಮುಖವೂ ಕಾಣದು, ಪಡೆಯುವವರ ಹೆಸರೂ ಗೊತ್ತಿರದು. ಪರಿಚಯ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ನಾಣ್ಯ ಮಾಡುತ್ತದೆ. ಮುಖ ಕಾಣದ ಮಾತ್ರಕ್ಕೆ ಸಾಲ ಸಾಲವಲ್ಲದೆ ಹೋಗುವುದಿಲ್ಲ.

ಇಲ್ಲಿ ಒಂದು ಪ್ರತಿವಾದ ಮತ್ತೆ ಮತ್ತೆ ಕೇಳಿಬರುತ್ತದೆ: "ನಾನು ಟ್ರಾಲಿಯನ್ನು ಅಲ್ಲೇ ಬಿಟ್ಟರೆ ಒಬ್ಬ ಹುಡುಗನಿಗೆ ಕೆಲಸ ಸಿಗುತ್ತದೆ, ಎಲ್ಲರೂ ಮರಳಿಸಿದರೆ ಅವನ ಅನ್ನಕ್ಕೆ ಕಲ್ಲು." ಕೇಳಲು ದಯೆಯಿಂದ ತುಂಬಿದ ಮಾತು. ಆದರೆ ಇದಕ್ಕೆ ಫ್ರಾನ್ಸಿನ ಫ್ರೆಡೆರಿಕ್ ಬಾಸ್ತಿಯಾ 1850ರಲ್ಲೇ ಉತ್ತರ ಕೊಟ್ಟಿದ್ದಾರೆ. ಕಿಟಕಿಯ ಗಾಜು ಒಡೆದರೆ ಗಾಜು ಕೂರಿಸುವವನಿಗೆ ದುಡಿಮೆ ಸಿಕ್ಕಿತು ಎಂದು ಸಂತೋಷಪಡುವವರು, ಅದೇ ಹಣ ಬೇರೆಲ್ಲಿ ಯಾವ ಒಳ್ಳೆಯ ಕೆಲಸಕ್ಕೆ ಹೋಗುತ್ತಿತ್ತು ಎಂಬುದನ್ನು ನೋಡುವುದಿಲ್ಲ ಎಂದು ಅವರು ವಾದಿಸಿದರು. ಆಲ್ಡಿ ಸಂಸ್ಥೆ ತನ್ನ ನಾಣ್ಯದ ಬೀಗವನ್ನು ಸಮರ್ಥಿಸಿಕೊಳ್ಳುವುದೂ ಈ ಲೆಕ್ಕದಲ್ಲೇ. ಟ್ರಾಲಿ ಕೂಡಿಸಲು ಜನರನ್ನು ನೇಮಿಸಬೇಕಿಲ್ಲವಾದ್ದರಿಂದ ಉಳಿದ ಹಣ ಸಾಮಾನಿನ ಬೆಲೆಯನ್ನು ತಗ್ಗಿಸುತ್ತದೆ ಎನ್ನುತ್ತದೆ ಅದು. ಸಾಮಾನನ್ನು ಕಪಾಟಿಗೆ ಜೋಡಿಸದೆ ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಇಟ್ಟು ಮಾರುವ, ಚೀಲಕ್ಕೆ ತುಂಬುವ ಕೆಲಸವನ್ನು ಗ್ರಾಹಕರಿಗೇ ಬಿಡುವ ಅಂಗಡಿ ಅದು. ಅದರ ಮಿತವ್ಯಯದ ಪದ್ಧತಿಯಲ್ಲಿ ಈ ಬೀಗವೂ ಒಂದು ಭಾಗ.

ಇನ್ನೂ ಮುಖ್ಯವಾದ ಉತ್ತರವೊಂದಿದೆ. ಅಲ್ಲಲ್ಲಿ ಬಿಟ್ಟ ಟ್ರಾಲಿಗಳನ್ನು ಹುಡುಕಿ ತರುವುದಕ್ಕೂ ಒಂದೆಡೆ ಸೇರಿದ ಟ್ರಾಲಿಗಳನ್ನು ಬಾಗಿಲಿಗೆ ತಳ್ಳುವುದಕ್ಕೂ ದುಡಿಮೆಯಲ್ಲಿ ಬಹಳ ವ್ಯತ್ಯಾಸವಿದೆ. ಸುಡುಬಿಸಿಲಲ್ಲೋ ಮಳೆಯಲ್ಲೋ ಓಡಾಡುವ ಕಾರುಗಳ ನಡುವೆ ಒಂದೊಂದು ಟ್ರಾಲಿಯ ಹಿಂದೆ ನಡೆಯುವವರಿಗೆ ನಾವು ಕೆಲಸ ಕೊಟ್ಟಿಲ್ಲ, ಇದ್ದ ಕೆಲಸವನ್ನೇ ಕಷ್ಟಗೊಳಿಸಿದ್ದೇವೆ. ಅವರ ಸಂಬಳ ಗಂಟೆಯ ಲೆಕ್ಕದ್ದು, ನಮ್ಮ ಉಡಾಫೆಯಿಂದ ಅದು ಒಂದು ಕಾಸೂ ಹೆಚ್ಚುವುದಿಲ್ಲ. ಗಾಲಿಕುರ್ಚಿ ಬಳಸುವವರ ಪಾರ್ಕಿಂಗ್ ಜಾಗದ ಪಕ್ಕದಲ್ಲಿ ಗೆರೆ ಎಳೆದು ಖಾಲಿ ಬಿಟ್ಟಿರುವ ಪಟ್ಟಿಯ ವಿಷಯವೂ ಇದೆ. ಕಾರಿನ ಬಾಗಿಲು ಪೂರ್ತಿ ತೆರೆದು ಕುರ್ಚಿಯನ್ನು ಇಳಿಸಿಕೊಳ್ಳಲು ಆ ಜಾಗ ಬೇಕು. ಖಾಲಿ ಕಂಡಿತೆಂದು ಅಲ್ಲೊಂದು ಟ್ರಾಲಿ ನಿಲ್ಲಿಸಿ ಹೋದರೆ, ಅದನ್ನು ಪಕ್ಕಕ್ಕೆ ತಳ್ಳಲು ಕೆಳಗಿಳಿಯಲಾಗದ ಒಬ್ಬರು ಕಾರಿನಲ್ಲೇ ಕೂತು ಯಾರಾದರೂ ಬರಲೆಂದು ಕಾಯಬೇಕಾಗುತ್ತದೆ.

ಒಬ್ಬರು ಬಿಟ್ಟ ಟ್ರಾಲಿ ಒಬ್ಬರ ವಿಷಯವಾಗಿ ಉಳಿಯುವುದಿಲ್ಲ ಎಂಬುದಕ್ಕೆ ಪ್ರಯೋಗದ ಆಧಾರವೂ ಇದೆ. ನೆದರ್‌ಲೆಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದ ಕೀಸ್ ಕೈಜರ್ ಮತ್ತು ಸಂಗಡಿಗರು 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಭಾಗ ಸೂಪರ್‌ಮಾರ್ಕೆಟ್ ಒಂದರ ಪಾರ್ಕಿಂಗ್ ಕಟ್ಟಡದಲ್ಲಿ ನಡೆಯಿತು. ದಯವಿಟ್ಟು ಟ್ರಾಲಿಗಳನ್ನು ಮರಳಿಸಿ ಎಂಬ ಫಲಕ ಅಲ್ಲಿತ್ತು. ನಿಂತ ಕಾರುಗಳ ಗಾಜಿನ ವೈಪರಿಗೆ ಒಂದೊಂದು ಕರಪತ್ರ ಸಿಕ್ಕಿಸಿ, ಜನ ಅದನ್ನು ಏನು ಮಾಡುತ್ತಾರೆಂದು ನೋಡಿದರು. ಸುತ್ತಮುತ್ತ ಟ್ರಾಲಿಗಳಿಲ್ಲದೆ ಜಾಗ ಅಚ್ಚುಕಟ್ಟಾಗಿದ್ದಾಗ ಕರಪತ್ರವನ್ನು ನೆಲಕ್ಕೆ ಬಿಸಾಡಿದವರು ಶೇ. 30. ನಾಲ್ಕು ಟ್ರಾಲಿಗಳನ್ನು ಅಡ್ಡಾದಿಡ್ಡಿಯಾಗಿ ಬಿಟ್ಟಿದ್ದಾಗ ಬಿಸಾಡಿದವರು ಶೇ. 58. ಟ್ರಾಲಿಗೂ ಕಾಗದದ ಚೂರಿಗೂ ನಂಟಿಲ್ಲ, ಅದನ್ನು ಬಿಟ್ಟವರು ಯಾರೆಂದೂ ಇವರಿಗೆ ಗೊತ್ತಿಲ್ಲ. ಇಲ್ಲಿ ನಿಯಮ ಪಾಲಿಸುವವರಿಲ್ಲ ಎಂಬುದಷ್ಟು ಕಂಡಿತು, ಅದೇ ಸಾಕಾಯಿತು. ಒಂದು ಟ್ರಾಲಿಯನ್ನು ಅಲ್ಲೇ ಬಿಡುವವರು ತಮ್ಮ ಮುಂದಿನವರಿಗೆ ಅಷ್ಟರಮಟ್ಟಿಗೆ ಅಪ್ಪಣೆ ಕೊಟ್ಟು ಹೋಗುತ್ತಾರೆ. ಮರಳಿಸುವವರೂ ಹಾಗೆಯೇ, ತಮಗರಿವಿಲ್ಲದೆ ಮುಂದಿನವರಿಗೆ ದಾರಿ ತೋರಿಸಿ ಹೋಗುತ್ತಾರೆ.

ಇನ್ನು ನಾಣ್ಯದ ವಿಚಾರ. ಅದು ಕೆಲಸ ಮಾಡುವುದು ಹಣದ ಆಸೆಯಿಂದ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಜರ್ಮನಿಯಲ್ಲೇ ಇದಕ್ಕೆ ವಿರುದ್ಧವಾದ ಸಾಕ್ಷಿ ಸಿಗುತ್ತದೆ. ಅಲ್ಲಿ ಬಹಳ ಮಂದಿ ನಾಣ್ಯದ ಅಳತೆಯ ಪ್ಲಾಸ್ಟಿಕ್ ಬಿಲ್ಲೆಯನ್ನು ಕೀಲಿಗೊಂಚಲಿಗೆ ಸಿಕ್ಕಿಸಿಕೊಂಡಿರುತ್ತಾರೆ. ಕಂಪನಿಗಳು, ರಾಜಕೀಯ ಪಕ್ಷಗಳು ತಮ್ಮ ಹೆಸರು ಅಚ್ಚು ಹಾಕಿಸಿ ಪುಕ್ಕಟೆಯಾಗಿ ಹಂಚುವ ಬಿಲ್ಲೆ ಅದು. ಅದರ ಬೆಲೆ ಇಲ್ಲವೆನ್ನುವಷ್ಟು ಕಡಿಮೆ. ಹಣವೇ ಕಾರಣವಾಗಿದ್ದರೆ ಬಿಲ್ಲೆ ಬಂದ ದಿನವೇ ಈ ವ್ಯವಸ್ಥೆ ಮುರಿದು ಬೀಳಬೇಕಿತ್ತು. ಬೀಳಲಿಲ್ಲ. ಬಿಲ್ಲೆ ಹಾಕಿದವರೂ ಟ್ರಾಲಿಯನ್ನು ಸಾಲಿಗೆ ತಂದೇ ಹೋಗುತ್ತಾರೆ.

ಇದಕ್ಕೆ ಕಾರಣ ಮನಸ್ಸಿನ ಒಂದು ಸ್ವಭಾವದಲ್ಲಿದೆ. ಹೊರಟ ಕೆಲಸ ಮುಗಿದ ಕೂಡಲೇ ಉಳಿದ ಕೊನೆಯ ಹೆಜ್ಜೆಯನ್ನು ನಾವು ಮರೆಯುತ್ತೇವೆ. ನಕಲು ಪ್ರತಿ ಕೈಗೆ ಬಂದ ಮೇಲೆ ಮೂಲ ಪತ್ರವನ್ನು ಜೆರಾಕ್ಸ್ ಯಂತ್ರದಲ್ಲೇ ಬಿಡುವುದು ಇಂಥದ್ದು. ಎಟಿಎಂನಲ್ಲಿ ಮೊದಲು ಹಣ ಬಂದರೆ ಕಾರ್ಡನ್ನು ಮರೆತು ನಡೆಯುವುದೂ ಇಂಥದ್ದೇ. ಇದಕ್ಕಾಗಿಯೇ ಎಷ್ಟೋ ಎಟಿಎಂಗಳು ಮೊದಲು ಕಾರ್ಡನ್ನು ಹೊರಗೆ ಕಳಿಸಿ, ಅದನ್ನು ತೆಗೆದುಕೊಂಡ ಮೇಲೆ ಹಣ ಕೊಡುತ್ತವೆ. ಜನರಿಗೆ ಬುದ್ಧಿ ಹೇಳುವ ಬದಲು ಹೆಜ್ಜೆಗಳ ಕ್ರಮವನ್ನೇ ಬದಲಿಸಿದ್ದರಿಂದ ಆ ಮರೆವು ತಗ್ಗಿತು. ಸೂಪರ್‌ಮಾರ್ಕೆಟ್‌ಗೆ ಹೋದವರ ಕೆಲಸ ಮನಸ್ಸಿನ ಲೆಕ್ಕದಲ್ಲಿ ಮುಗಿಯುವುದು ಸಾಮಾನು ಕಾರಿನ ಡಿಕ್ಕಿಗೆ ಸೇರಿದಾಗ. ಟ್ರಾಲಿ ಆಗ ಕಣ್ಣೆದುರೇ ಇದ್ದರೂ ಕೆಲಸದಿಂದ ಹೊರಗೆ ಬಿದ್ದಿರುತ್ತದೆ. ಬೀಗದಲ್ಲಿ ಸಿಕ್ಕಿಕೊಂಡ ನಾಣ್ಯವೋ ಬಿಲ್ಲೆಯೋ, ಕೆಲಸ ಇನ್ನೂ ಮುಗಿದಿಲ್ಲ ಎಂದು ನೆನಪಿಸುತ್ತದೆ. ಟ್ರಾಲಿ ಬಿಟ್ಟು ಹೋಗುವವರಲ್ಲಿ ದುಷ್ಟರಿಗಿಂತ ಮರೆಯುವವರು, ಅವಸರದಲ್ಲಿರುವವರು ಹೆಚ್ಚು ಎಂದು ಒಪ್ಪಿಕೊಂಡರೆ ನಾಣ್ಯದ ನಿಜವಾದ ಉಪಯೋಗ ತಿಳಿಯುತ್ತದೆ. ಟ್ರಾಲಿಯೊಂದರಿಂದ ಮನುಷ್ಯನ ಇಡೀ ಯೋಗ್ಯತೆಯನ್ನು ಅಳೆಯುವುದು ಎಷ್ಟು ಅನ್ಯಾಯ ಎಂಬುದೂ ತಿಳಿಯುತ್ತದೆ.

ಕರ್ತವ್ಯಕ್ಕೆ ಹಣವನ್ನು ತಗುಲಿಸಿದರೆ ಕರ್ತವ್ಯವೇ ಸವೆಯುತ್ತದೆ ಎಂಬ ಎಚ್ಚರಿಕೆಯನ್ನೂ ಹಗುರವಾಗಿ ಕಾಣುವಂತಿಲ್ಲ. ಯೂರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಕಿನಿ ಎಂಬ ಅರ್ಥಶಾಸ್ತ್ರಜ್ಞರು ಇಸ್ರೇಲಿನ ಹೈಫಾದಲ್ಲಿ 10 ಶಿಶುವಿಹಾರಗಳನ್ನು ಅಧ್ಯಯನ ಮಾಡಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಮಕ್ಕಳನ್ನು ಕರೆದೊಯ್ಯಲು 10 ನಿಮಿಷಕ್ಕಿಂತ ತಡವಾಗಿ ಬರುವ ಪೋಷಕರಿಗೆ ಆರು ಕಡೆ 10 ಶೆಕೆಲ್ ದಂಡ ವಿಧಿಸಲಾಯಿತು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಸುಮಾರು ಎರಡರಷ್ಟಾದರು. ಅಲ್ಲಿಯವರೆಗೆ ಶಿಕ್ಷಕಿಯನ್ನು ಕಾಯಿಸುತ್ತಿದ್ದೇವಲ್ಲ ಎಂಬ ಸಂಕೋಚ ಅವರನ್ನು ಓಡಿಸಿಕೊಂಡು ಬರುತ್ತಿತ್ತು. ದಂಡ ಬಂದ ಮೇಲೆ ಆ ಸಂಕೋಚದ ಜಾಗದಲ್ಲಿ ಬೆಲೆ ಬಂದು ಕೂತಿತು, ಹಣ ಕೊಟ್ಟು ಹೊತ್ತು ಕೊಂಡಂತಾಯಿತು. ಮುಂದೆ ದಂಡವನ್ನು ತೆಗೆದುಹಾಕಿದರೂ ಹಳೆಯ ಸಂಕೋಚ ಮರಳಲಿಲ್ಲ.

ಟ್ರಾಲಿಯ ನಾಣ್ಯಕ್ಕೆ ಈ ಗತಿ ಯಾಕೆ ಬರಲಿಲ್ಲ? ಎರಡು ಕಾರಣಗಳು ನನಗೆ ಕಾಣುತ್ತವೆ. ಹೈಫಾದ ದಂಡ ತಪ್ಪು ನಡೆದ ಮೇಲೆ ಬರುತ್ತಿತ್ತು. ಟ್ರಾಲಿಯ ಠೇವಣಿ ಎಲ್ಲಕ್ಕಿಂತ ಮೊದಲೇ, ಎಲ್ಲರಿಂದಲೂ ಸಮನಾಗಿ ಪಡೆಯುವಂಥದ್ದು. ಅದು ಯಾರನ್ನೂ ತಪ್ಪಿತಸ್ಥರೆಂದು ಗುರುತಿಸುವುದಿಲ್ಲ. ಮರಳಿಸುವುದೇ ಇಲ್ಲಿನ ಪದ್ಧತಿ ಎಂದು ತಿಳಿಸಿ, ಮರಳಿಸಿದವರಿಗೆ ಪೂರ್ತಿಯಾಗಿ ಹಿಂದಕ್ಕೆ ಸಿಗುತ್ತದೆ. ಎರಡನೆಯದಾಗಿ, ಹೈಫಾದಲ್ಲಿ ಹಣ ಸಂಸ್ಥೆಗೆ ಹೋಗುತ್ತಿದ್ದುದರಿಂದ ಅದು ಸೇವೆಯ ಶುಲ್ಕದಂತೆ ಕಂಡಿತು. ಟ್ರಾಲಿಯನ್ನು ಎಲ್ಲೋ ಬಿಟ್ಟು ಹೋದರೆ ಆ ನಾಣ್ಯ ಅಂಗಡಿಯ ಗಲ್ಲಾಪೆಟ್ಟಿಗೆಗೆ ಹೋಗುವುದಿಲ್ಲ, ಅದನ್ನು ಸಾಲಿಗೆ ಸೇರಿಸಿದವರ ಕೈಗೆ ಹೋಗುತ್ತದೆ. ನಡೆದವರಿಗೆ ನಡಿಗೆಯ ಫಲ ಎಂಬ ನೇರವಾದ ನ್ಯಾಯ ಅದರಲ್ಲಿದೆ. ಮರಳಿಸದಿರುವುದಕ್ಕೆ ಅಂಗಡಿ ಬೆಲೆ ಕಟ್ಟಿ ಮಾರುತ್ತಿಲ್ಲವಾದ್ದರಿಂದ ಕೊಂಡೆವು ಎಂಬ ಭಾವನೆಯೂ ಮೂಡುವುದಿಲ್ಲ. ಅಂಗಡಿಗಳು ಇದನ್ನು ಮರೆತು, ಟ್ರಾಲಿ ಬಿಟ್ಟವರಿಂದ ದಂಡ ವಸೂಲಿ ಮಾಡಹೊರಟರೆ ಹೈಫಾದ ಪಾಠ ಇಲ್ಲಿಯೂ ಮರುಕಳಿಸುತ್ತದೆ.

ಬೀಗಕ್ಕೂ ಅದರದೇ ಮಿತಿಗಳಿವೆ. ಅದಕ್ಕೆ ಜಾಗ ಗೊತ್ತಾಗುವುದಿಲ್ಲ, ಇನ್ನೊಂದು ಕೀಲಿ ಮಾತ್ರ ಗೊತ್ತಾಗುತ್ತದೆ. ಪಾರ್ಕಿಂಗ್‌ನ ನಟ್ಟನಡುವೆ ಎರಡು ಟ್ರಾಲಿಗಳನ್ನು ಒಂದಕ್ಕೊಂದು ಸಿಕ್ಕಿಸಿದರೂ ಒಂದು ನಾಣ್ಯ ಹೊರಗೆ ಬರುತ್ತದೆ. ಚಲಾವಣೆಯ ಹಣ ಬದಲಾದಾಗ ಬೀಗವೂ ಬದಲಾಗಬೇಕು. ಬ್ರಿಟನ್ನಿನಲ್ಲಿ 2017ರ ಮಾರ್ಚ್‌ನಲ್ಲಿ ಹನ್ನೆರಡು ಅಂಚಿನ ಹೊಸ ಪೌಂಡ್ ನಾಣ್ಯ ಬಂದಾಗ, ಅದೇ ವರ್ಷ ಅಕ್ಟೋಬರ್‌ನಲ್ಲಿ ಹಳೆಯದು ಚಲಾವಣೆ ಕಳೆದುಕೊಳ್ಳುವುದರೊಳಗೆ ಅಂಗಡಿಗಳು ಟ್ರಾಲಿಗಳ ಬೀಗಗಳನ್ನು ಹೊಂದಿಸಿಕೊಳ್ಳಬೇಕಾಯಿತು. ಜೇಬಿನಲ್ಲಿ ಚಿಲ್ಲರೆಯೇ ಇಲ್ಲದೆ ಕಾರ್ಡು, ಫೋನುಗಳಲ್ಲಿ ಹಣ ಕೊಡುವ ಜನರಿಗೆ ಈ ಬೀಗ ದಿನದಿನಕ್ಕೆ ತೊಡಕಾಗುತ್ತಿದೆ. ಯಂತ್ರ ಮಾಡಬಲ್ಲದ್ದು ಇಷ್ಟೇ. ಉಳಿದದ್ದನ್ನು ಮನುಷ್ಯರೇ ಮಾಡಬೇಕು.

ಇದಕ್ಕಿಂತ ಗಂಭೀರವಾದ ಮಿತಿ ಎಂದರೆ ಮರಳಿಸಲು ನಿಜವಾಗಿ ಆಗದವರ ಪರಿಸ್ಥಿತಿ. ಕಾರಿನಲ್ಲಿ ಎಳೆಯ ಕೂಸನ್ನು ಒಂಟಿಯಾಗಿ ಬಿಟ್ಟು ಹೋಗುವುದು ಅಪಾಯ, ಅಮೆರಿಕದ ಹಲವು ರಾಜ್ಯಗಳಲ್ಲಿ ಕಾನೂನಿನ ಪ್ರಕಾರವೂ ತಪ್ಪು. ಮೊಣಕಾಲು ನೋವಿನವರಿಗೆ ಟ್ರಾಲಿಯೇ ಊರುಗೋಲು. ಅದನ್ನು ದೂರದ ಸಾಲಿನಲ್ಲಿ ಬಿಟ್ಟ ಮೇಲೆ ಕಾರಿನವರೆಗೆ ಆಸರೆಯಿಲ್ಲದೆ ನಡೆಯಬೇಕು. ಇವರನ್ನು ಹೊಣೆಗೇಡಿಗಳ ಸಾಲಿಗೆ ಸೇರಿಸುವವರಿಗೆ ಹೊಣೆ ಎಂದರೇನೆಂದೇ ತಿಳಿದಿಲ್ಲ. ಶಕ್ತಿಯನ್ನು ಮೀರಿದ ಹೊಣೆ ಯಾರ ಮೇಲೂ ಇರುವುದಿಲ್ಲ. ಅವರಿಂದ ಆಗದ ಪಾಲು ಆಗುವವರ ಮೇಲೆ ಬರುತ್ತದೆ. ಅಂಗಡಿಗೆ ಹೋಗುವವರು ದಾರಿಯಲ್ಲಿ ಕಂಡ ಒಂಟಿ ಟ್ರಾಲಿಯನ್ನೇ ಹಿಡಿದುಕೊಂಡು ಒಳಗೆ ಹೋಗುವುದು ಕಷ್ಟದ ಕೆಲಸವಲ್ಲ. ಅದಕ್ಕಿಂತ ಹೆಚ್ಚಿನ ಪಾಲು ಅಂಗಡಿಯದು. ಪಾರ್ಕಿಂಗ್‌ನ ಹತ್ತಾರು ಕಡೆ ಟ್ರಾಲಿ ನಿಲ್ಲಿಸುವ ಜಾಗ ಮಾಡುವುದು, ಅಂಗವಿಕಲರ ಮತ್ತು ಮಕ್ಕಳೊಂದಿಗೆ ಬರುವವರ ಪಾರ್ಕಿಂಗ್ ಪಕ್ಕದಲ್ಲೇ ಒಂದು ಸಾಲು ಇಡುವುದು, ನಾಣ್ಯ ಬೇಡದ ಕೆಲವು ಟ್ರಾಲಿಗಳನ್ನು ಅವರಿಗಾಗಿ ಮೀಸಲಿಡುವುದು ಅದರ ಕರ್ತವ್ಯ. ನೂರಾರು ಕಾರು ನಿಲ್ಲುವಷ್ಟು ಬಯಲು ಮಾಡಿ, ಟ್ರಾಲಿ ಇಡಲು ಬಾಗಿಲ ಬಳಿ ಒಂದೇ ಜಾಗ ಕೊಟ್ಟ ಅಂಗಡಿಗೆ ಗ್ರಾಹಕರನ್ನು ದೂರುವ ಹಕ್ಕಿಲ್ಲ.

ಟ್ರಾಲಿ ಅಂಗಡಿಯ ಅಂಗಳ ದಾಟಿ ಹೊರಗೆ ಹೋದಾಗ ಒಡೆಯರ ಹೊಣೆ ಇನ್ನೂ ಹೆಚ್ಚುತ್ತದೆ. ಇಂಗ್ಲೆಂಡಿನ ಕಾಲುವೆಗಳಲ್ಲಿ, ಆಸ್ಟ್ರೇಲಿಯಾದ ಬಡಾವಣೆಗಳ ಹುಲ್ಲುಹಾಸಿನ ಮೇಲೆ ಬಿದ್ದ ಟ್ರಾಲಿಗಳು ಸ್ಥಳೀಯ ಆಡಳಿತಗಳಿಗೆ ಹಳೆಯ ತಲೆನೋವು. ಬ್ರಿಟನ್ನಿನ 1990ರ ಪರಿಸರ ಸಂರಕ್ಷಣಾ ಕಾಯ್ದೆ ಇಂಥ ಟ್ರಾಲಿಗಳನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. 2005ರ ಇನ್ನೊಂದು ಕಾಯ್ದೆ ಅದರ ಖರ್ಚನ್ನು ಒಡೆಯರಿಂದ ವಸೂಲಿ ಮಾಡುವ ದಾರಿಯನ್ನು ಬಲಪಡಿಸಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 2021ರಲ್ಲಿ ಮಾಡಿದ ಕಾಯ್ದೆ, ಸಾರ್ವಜನಿಕ ಜಾಗದಲ್ಲಿ ಬಿಟ್ಟ ಟ್ರಾಲಿಗಳನ್ನು ಗೊತ್ತುಪಡಿಸಿದ ಅವಧಿಯೊಳಗೆ ತೆರವು ಮಾಡುವ ಭಾರವನ್ನು ನೇರವಾಗಿ ಅವುಗಳ ಒಡೆಯರ ಮೇಲೆ ಹಾಕಿತು. ಕ್ಯಾಲಿಫೋರ್ನಿಯಾದಲ್ಲಿ ಅಂಗಳದಿಂದ ಟ್ರಾಲಿಯನ್ನು ಒಪ್ಪಿಗೆಯಿಲ್ಲದೆ ಒಯ್ಯುವುದೇ ಅಪರಾಧ, ಅಲ್ಲಿ ಕಾನೂನು ಒಯ್ದವರ ಕಡೆ ಕೈ ತೋರಿಸುತ್ತದೆ. ನನಗೆ ಬ್ರಿಟನ್ ಮತ್ತು ಆಸ್ಟ್ರೇಲಿಯಾದ ದಾರಿ ಹೆಚ್ಚು ನ್ಯಾಯವೆನಿಸುತ್ತದೆ. ಟ್ರಾಲಿಯನ್ನು ಮನೆಯವರೆಗೆ ತಳ್ಳಿಕೊಂಡು ಹೋಗುವವರಲ್ಲಿ ಕಾರಿಲ್ಲದವರು, ಹತ್ತಿರದಲ್ಲಿ ಬಸ್ಸಿಲ್ಲದವರು ಇರುತ್ತಾರೆ. ವಾರದ ದಿನಸಿಯನ್ನು ಕೈಯಲ್ಲಿ ಹೊತ್ತು ಮೈಲುಗಟ್ಟಲೆ ನಡೆಯಲಾಗದವರಿಗೆ ದಂಡ ಹಾಕಿದರೆ ದಾರಿ ಗಿಡ್ಡವಾಗುವುದಿಲ್ಲ. ಊರ ಹೊರಗೆ ಕಾರಿದ್ದವರಿಗಷ್ಟೇ ಅನುಕೂಲವಾಗುವಂತೆ ಅಂಗಡಿ ಕಟ್ಟಿದವರು, ಅದರಿಂದಾಗುವ ಪರಿಣಾಮದ ಖರ್ಚನ್ನೂ ಹೊರಬೇಕು.

ಠೇವಣಿಯ ತತ್ವ ಟ್ರಾಲಿಗಷ್ಟೇ ಸೀಮಿತವಲ್ಲ. ಜರ್ಮನಿ 2003ರಿಂದ ಒಮ್ಮೆ ಬಳಸಿ ಬಿಸಾಡುವ ಪಾನೀಯದ ಬಾಟಲಿ, ಡಬ್ಬಿಗಳ ಮೇಲೆ 25 ಸೆಂಟ್ ಠೇವಣಿ ಪಡೆಯುತ್ತಿದೆ, ಅವುಗಳಲ್ಲಿ ಶೇ. 90ಕ್ಕೂ ಹೆಚ್ಚು ಮರಳಿ ಬರುತ್ತವೆ. ನಮ್ಮ ಬಂಡೀಪುರದ ಕಾಡಿಗೆ ತಾಗಿಕೊಂಡಿರುವ ನೀಲಗಿರಿ ಜಿಲ್ಲೆಯಲ್ಲಿ, ಬಿಸಾಡಿದ ಮದ್ಯದ ಬಾಟಲಿಗಳ ಚೂರು ಆನೆಗಳ ಕಾಲಿಗೆ ಚುಚ್ಚುತ್ತಿದ್ದುದನ್ನು ಮದ್ರಾಸ್ ಹೈಕೋರ್ಟ್ ಗಂಭೀರವಾಗಿ ತೆಗೆದುಕೊಂಡಿತು. ಅದರಿಂದಾಗಿ 2022ರಲ್ಲಿ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಬಾಟಲಿ ತಂದುಕೊಟ್ಟಾಗ ಮರಳಿಸುವ ಪದ್ಧತಿ ಬಂತು. ಬಹುಪಾಲು ಬಾಟಲಿಗಳು ಅಂಗಡಿಗೆ ವಾಪಸಾದವು, ಪದ್ಧತಿ ಬೇರೆ ಜಿಲ್ಲೆಗಳಿಗೂ ಹಬ್ಬಿತು. ನಮ್ಮ ಜನರಿಗೆ ಇಂಥದ್ದು ಒಗ್ಗುವುದಿಲ್ಲ ಎನ್ನುವವರಿಗೆ ನೆರೆಯ ಈ ಉದಾಹರಣೆಯೇ ಉತ್ತರ.

ಆದರೂ ಕರ್ನಾಟಕದ ಸೂಪರ್‌ಮಾರ್ಕೆಟ್‌ಗಳಲ್ಲಿ ನಾಣ್ಯದ ಬೀಗ ಕಾಣುವುದು ಅಪರೂಪ. ಕಾರಣ ನಮ್ಮ ಜನರ ಶಿಸ್ತಲ್ಲ, ಅಗ್ಗದ ಕೂಲಿ. ಬೆಂಗಳೂರಿನ ಮಾಲ್‌ಗಳ ಬೇಸ್‌ಮೆಂಟ್‌ನಲ್ಲಿ, ಲಿಫ್ಟಿನ ಬಾಗಿಲಲ್ಲಿ, ಕಂಬದ ಮರೆಯಲ್ಲಿ ಬಿಟ್ಟ ಟ್ರಾಲಿಗಳನ್ನು ಸಮವಸ್ತ್ರ ತೊಟ್ಟ ಯಾರೋ ಬಂದು ಕೂಡಿಸಿ ತಳ್ಳಿಕೊಂಡು ಹೋಗುತ್ತಾರೆ. ನಾವು ಬಿಟ್ಟದ್ದನ್ನು ಎತ್ತಲು ಇನ್ನೊಬ್ಬರಿದ್ದಾರೆ ಎಂಬ ನಂಬಿಕೆ ನಮ್ಮ ಸಮಾಜದಲ್ಲಿ ಬಹಳ ಆಳಕ್ಕೆ ಇಳಿದಿದೆ. ಕೆಲವು ಕೆಲಸಗಳು ಕೆಲವರಿಗೇ ಮೀಸಲು ಎಂದು ತಲೆಮಾರುಗಳಿಂದ ಕಲಿತ ಸಮಾಜಕ್ಕೆ, ಬಿಟ್ಟು ನಡೆಯುವುದು ತಪ್ಪಾಗಿ ಕಾಣುವುದೇ ಇಲ್ಲ. ಜರ್ಮನಿಯಲ್ಲಿ ನಾಣ್ಯ ಹಾಕಿ ಶ್ರದ್ಧೆಯಿಂದ ಟ್ರಾಲಿ ಮರಳಿಸುವ ಅದೇ ಮನುಷ್ಯ ಊರಿಗೆ ಬಂದ ವಾರದಲ್ಲಿ ಅದನ್ನು ಲಿಫ್ಟಿನ ಮುಂದೆ ಬಿಡುತ್ತಾನಾದರೆ, ಅವನು ಅಲ್ಲಿ ಕಲಿತದ್ದು ಬೀಗಕ್ಕೆ ವಿಧೇಯನಾಗುವುದನ್ನು ಮಾತ್ರ. ಹೊಣೆಯನ್ನು ಕಲಿತಿದ್ದರೆ ಅದು ಅವನ ಜೊತೆಗೇ ವಿಮಾನ ಹತ್ತಿ ಬರುತ್ತಿತ್ತು.

ನಮ್ಮಲ್ಲಿಯೂ ನಾಣ್ಯದ ಬೀಗ ತರೋಣವೇ? ಅಳವಡಿಸುವುದೇನೋ ಸುಲಭ, ಬಳಕೆಯಲ್ಲಿ ತೊಡಕಿದೆ. ಜನ ತರಕಾರಿಗೂ ಫೋನಿನಿಂದಲೇ ಹಣ ಕೊಡುತ್ತಿದ್ದಾರೆ, 10 ರೂಪಾಯಿ ನಾಣ್ಯ ಅಧಿಕೃತ ಎಂದು ರಿಸರ್ವ್ ಬ್ಯಾಂಕ್ ಮತ್ತೆ ಮತ್ತೆ ಹೇಳಿದ ಮೇಲೂ ಅದನ್ನು ಪಡೆಯಲು ಹಿಂಜರಿಯುವ ಅಂಗಡಿಗಳಿವೆ. ಬೀಗಕ್ಕಿಂತ ಮೊದಲು ಆಗಬೇಕಾದ ಕೆಲಸಗಳು ಬೇರೆ. ಅಂಗಡಿಗಳು ಮತ್ತು ಮಾಲ್‌ಗಳು ಪಾರ್ಕಿಂಗ್‌ನ ಪ್ರತಿ ಅಂತಸ್ತಿನಲ್ಲೂ ಟ್ರಾಲಿ ನಿಲ್ಲಿಸಲು ಕಣ್ಣಿಗೆ ಕಾಣುವ ಜಾಗ ಮಾಡಲಿ, ಮರಳಿಸಿ ಎಂದು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದು ಹಾಕಲಿ. ವಯಸ್ಸಾದವರು, ಅಂಗವಿಕಲರು, ಕೂಸು ಹೊತ್ತವರು ಟ್ರಾಲಿಯನ್ನು ಕಾರಿನ ಪಕ್ಕದಲ್ಲೇ ಬಿಡಬಹುದು ಎಂದೂ ಅದೇ ಫಲಕದಲ್ಲಿ ಇರಲಿ. ಅವರಿಗಾಗಿ ಒಬ್ಬ ಸಹಾಯಕರನ್ನು ಇಡಲಿ, ಆ ಸಹಾಯಕರಿಗೆ ನೆರಳು, ನೀರು, ಕೂರಲು ಜಾಗ, ನ್ಯಾಯವಾದ ಸಂಬಳ ಕೊಡಲಿ. ಇಷ್ಟು ಮಾಡಿದ ಅಂಗಡಿಗೆ ಗ್ರಾಹಕರಿಂದ ಮರಳಿಸುವಿಕೆಯನ್ನು ಕೇಳುವ ಪೂರ್ತಿ ಹಕ್ಕಿದೆ. ಆಮೇಲೂ ಜನ ಮರೆಯುತ್ತಾರಾದರೆ ನೆನಪಿಸುವುದಕ್ಕೆ ನಾಣ್ಯವಿರಲಿ, ಬಿಲ್ಲೆಯಿರಲಿ.

ಗ್ರಾಹಕರಾದ ನಮ್ಮ ಪಾಲಿನ ಲೆಕ್ಕ ಇದಕ್ಕಿಂತ ಸರಳ. ಕೈಕಾಲು ಗಟ್ಟಿಯಾಗಿರುವವರು ತಾವು ತಳ್ಳಿದ ಟ್ರಾಲಿಯನ್ನು ತಾವೇ ಮರಳಿಸಬೇಕು, ಅದಕ್ಕೆ ಬೀಗ ಇರಲಿ ಇಲ್ಲದಿರಲಿ. ಮರಳಿಸಲಾಗದವರು ಬಿಟ್ಟ ಇನ್ನೊಂದನ್ನೂ ದಾರಿಯಲ್ಲಿ ಜೊತೆಗೆ ತೆಗೆದುಕೊಂಡು ಹೋದರೆ ಅದು ಉಪಕಾರವೇನಲ್ಲ, ಒಟ್ಟಿಗೆ ಬಳಸುವ ಜಾಗದಲ್ಲಿ ಶಕ್ತರಾದವರ ಪಾಲು ಸ್ವಲ್ಪ ಹೆಚ್ಚೇ ಇರುತ್ತದೆ. ಸಾರ್ವಜನಿಕ ಗ್ರಂಥಾಲಯದ ಪುಸ್ತಕ, ರೈಲಿನ ಹೊದಿಕೆ, ಆಸ್ಪತ್ರೆಯ ಗಾಲಿಕುರ್ಚಿ, ಉದ್ಯಾನದ ಬೆಂಚು ಎಲ್ಲವೂ ಇಂಥ ಸ್ವಲ್ಪ ಹೊತ್ತಿನ ಸಾಲಗಳೇ, ಅವುಗಳಲ್ಲಿ ಹೆಚ್ಚಿನವಕ್ಕೆ ಯಾವ ಠೇವಣಿಯೂ ಇಲ್ಲ. ಒಂದೊಂದಕ್ಕೂ ಬೀಗ ಹಾಕುತ್ತಾ ಹೋದರೆ ಖರ್ಚೂ ಬೆಳೆಯುತ್ತದೆ, ಒಬ್ಬರ ಮೇಲೊಬ್ಬರ ಅಪನಂಬಿಕೆಯೂ ಬೆಳೆಯುತ್ತದೆ. ಬೀಗವಿಲ್ಲದ ವಸ್ತುವನ್ನೂ ಮರಳಿ ಅದರ ಜಾಗದಲ್ಲಿಡುವ ಜನ ಹೆಚ್ಚಿದಷ್ಟೂ ಎಲ್ಲರಿಗೂ ಸೇರಿದ ವಸ್ತುಗಳು ನಮ್ಮ ಊರುಗಳಲ್ಲಿ ಹೆಚ್ಚುತ್ತವೆ, ಅವುಗಳನ್ನು ಎಲ್ಲರೂ ಮುಕ್ತವಾಗಿ ಬಳಸಬಹುದು.